ಕಲ್ಲುಕ್ವಾರಿಯ ತಳದಲ್ಲೊಂದು ಮನೆ

ಸಮುದ್ರಕ್ಕೆ ಹೋಗುವ ದಾರಿ ಬೆಂಗಳೂರಿನ ಅಲ್ಲಾಳಸಂದ್ರದಿಂದ ಹೊರಟು ಬಾಗಲೂರಿನ ಕಡೆಗೆ ತಿರುಗುತ್ತದೆ ಎಂದರೆ ನಮ್ಮ ಮನೆಯಲ್ಲೇ ಯಾರೂ ನಂಬಲಿಲ್ಲ. ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ನಾನು ರಬ್ಬರ್ ಉಡುಪಿನ ಚೀಲವನ್ನು ಹೆಗಲಿಗೇರಿಸಿದಾಗ ನನ್ನ ತಮ್ಮ ಗೇಟಿಗೆ ಅಡ್ಡ ನಿಂತ. ಅಪ್ಪ ದ್ರಾಕ್ಷಿ ಬೆಳೆದ ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಬೆಳೆದವನು ಅವನು.

"ಅಕ್ಕಾ, ಐವತ್ತು ದಾಟಿದ್ಮೇಲೆ ಇದೆಲ್ಲಾ ಬೇಕಾ? ಈಜ್ಬೇಕು ಅಂದ್ರೆ ನಮ್ ಬಿಲ್ಡಿಂಗಲ್ಲೇ ಪೂಲ್ ಇದೆ."

"ನಿನ್ ಪೂಲಲ್ಲಿ ಹುಳ ಇಲ್ವಲ್ಲೋ," ಎಂದು ಅವನನ್ನು ಪಕ್ಕಕ್ಕೆ ಸರಿಸಿದೆ.

ನಾನು ಕಡಲ ತಳದ ಮರಳಿನಲ್ಲಿ ಬದುಕುವ ಹುಳುಗಳನ್ನು ಅಧ್ಯಯನ ಮಾಡುವವಳು. ಇಷ್ಟು ವರ್ಷ ಬೇರೆ ಯಾರೋ ಮುಳುಗಿ ಬಕೆಟ್ಟಿನಲ್ಲಿ ಕೆಸರು ತಂದುಕೊಡುತ್ತಿದ್ದರು. ಅದು ನನ್ನ ಮೈಕ್ರೊಸ್ಕೋಪಿಗೆ ಬರುವಷ್ಟರಲ್ಲಿ ಅರ್ಧದಷ್ಟು ಹುಳುಗಳು ಸತ್ತಿರುತ್ತಿದ್ದವು. ಈಗ ಕಡಲ ತಳದಲ್ಲೇ ಒಂದು ಮನೆಯನ್ನು ಇಳಿಸಿ, ವಿಜ್ಞಾನಿಗಳು ಅಲ್ಲೇ ಉಂಡು ಮಲಗಿ ಕೆಲಸ ಮಾಡುವ ಯೋಜನೆ ಬಂದಿತ್ತು. ಒಟ್ಟು ನಾಲ್ಕು ಜನಕ್ಕೆ ಜಾಗ, ಇಬ್ಬಿಬ್ಬರಾಗಿ ಸರದಿಯಲ್ಲಿ ಇಳಿಯುವುದು. ಮೊದಲು ಬಾಗಲೂರಿನಾಚೆಯ ನೀರು ತುಂಬಿದ ಹಳೆಯ ಕಲ್ಲುಕ್ವಾರಿಯಲ್ಲಿ ಆ ಮನೆಯ ಪರೀಕ್ಷೆ, ಜೊತೆಗೆ ನಮ್ಮದೂ. ಫೇಲಾದವರ ಜಾಗಕ್ಕೆ ಬರಲು ಒಬ್ಬ ತರುಣ ಕಾದು ಕೂತಿದ್ದ. ನಾಲ್ಕನೆಯ ಜಾಗ ನನ್ನದು, ಅದನ್ನು ಬಿಟ್ಟುಕೊಡುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ.

ಯಲಹಂಕದಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ ಆಧಾರ್ ನೋಡಿ ಹೆಂಗಸರ ಪುಕ್ಕಟೆ ಟಿಕೆಟ್ ಕೊಟ್ಟರು. ಸಮುದ್ರಯಾನಕ್ಕೆ ಇದಕ್ಕಿಂತ ಅಗ್ಗದ ಚಾರ್ಜು ಪ್ರಪಂಚದಲ್ಲಿ ಇರಲಾರದು. ಬಾಗಲೂರಿನಿಂದ ಆಟೊದವನು ಮಾತ್ರ ಎರಡರಷ್ಟು ಕೇಳಿ, ನನ್ನ ಮುಖ ನೋಡಿ ಒಂದೂವರೆಗೆ ಇಳಿದ. ದಾರಿಯುದ್ದಕ್ಕೂ ಟಿಪ್ಪರ್ ಲಾರಿಗಳ ಧೂಳು, ತಲೆಯ ಮೇಲೆ ವಿಮಾನಗಳು. ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು.

ಕ್ವಾರಿಯ ಗೇಟಿನೆದುರು ಒಂದು ಟೀ ಅಂಗಡಿ. ಅದರ ಯಜಮಾನಿ ನನ್ನ ಚೀಲವನ್ನು ದಿಟ್ಟಿಸಿ, "ನೀವೂ ಆ ನೀರೊಳ್ಗಿನ್ ಮನೆಗಾ?" ಎಂದು ಕೇಳಿದಳು. ಹೌದೆಂದೆ.

"ಮೇಲ್ಗಡೆ ಸೈಟೆಲ್ಲಾ ಮುಗ್ದೋಯ್ತು ಅಂತ ಈಗ ಇಂಗೆ ನೀರೊಳ್ಗೂ ಲೇಔಟ್ ಮಾಡ್ತಾವ್ರಾ?"

ನಗು ತಡೆಯಲಾರದೆ ನನ್ನ ಟೀ ಅರ್ಧ ಚೆಲ್ಲಿತು. ಇದು ನನ್ನ ತಮ್ಮನ ಕಿವಿಗೆ ಬೀಳದಿರಲಿ ಎಂದುಕೊಂಡೆ.

ತರಬೇತಿಯ ಮುಖ್ಯಸ್ಥರು ಖನ್ನಾ, ಡೆಹ್ರಾಡೂನಿನವರು. ನೆಟ್ಟಗೆ ನಿಂತು ಕಡಿಮೆ ಮಾತಾಡುವ ಮನುಷ್ಯ. ಬೆಂಗಳೂರಿಗೆ ಬಂದ ಮೇಲೆ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿಯುತ್ತಿದ್ದರು. ನನ್ನ ಜೊತೆ ಇಳಿಯುವವಳು ಆರ್.ಟಿ. ನಗರದ ಶಬಾನಾ. ಮನೆಯ ಗಾಳಿಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಮಧ್ಯಾಹ್ನ ಇಬ್ಬರೂ ನೀರಿಗಿಳಿದೆವು.

ಮನೆಯೆಂದರೆ ಟ್ಯಾಂಕರ್ ಲಾರಿಯಷ್ಟು ಉದ್ದದ ಉಕ್ಕಿನ ಕೊಳವೆ. ಬಾಗಿಲು ನೆಲದಲ್ಲಿದೆ, ಅದು ಸದಾ ತೆರೆದೇ ಇರುತ್ತದೆ. ಲೋಟವನ್ನು ಬೋರಲು ಹಾಕಿ ಬಕೆಟ್ಟಿಗೆ ಒತ್ತಿದರೆ ಒಳಗಿನ ಗಾಳಿ ನೀರನ್ನು ತಡೆಯುವ ಹಾಗೆ ಇಲ್ಲಿಯೂ ಒತ್ತಡದ ಗಾಳಿ ನೀರನ್ನು ಕೆಳಗೇ ನಿಲ್ಲಿಸುತ್ತದೆ. ಒಳಗೆ ಎರಡು ಮಂಚ, ಒಂದು ಮೇಜು, ಒಂದು ದುಂಡು ಕಿಟಕಿ. ಕಿಟಕಿಯಾಚೆ ಹಸಿರು ನೀರು, ಉಳಿಯ ಗುರುತಿರುವ ಬಂಡೆ. ಈ ಬಂಡೆಯನ್ನು ಒಡೆದೇ ನಮ್ಮೂರಿನ ಮನೆಗಳನ್ನು ಕಟ್ಟಿದ್ದು.

ಬೆಂಕಿ ಹಚ್ಚುವಂತಿಲ್ಲ, ಹಾಗಾಗಿ ಒಗ್ಗರಣೆ ಇಲ್ಲ. ಆ ಒತ್ತಡದಲ್ಲಿ ನಾಲಗೆಗೆ ರುಚಿಯೂ ಅಷ್ಟಕ್ಕಷ್ಟೆ. ಶಬಾನಾ ತಂದ ಚಿಪ್ಸ್ ಪೊಟ್ಟಣ ಅಪ್ಪಚ್ಚಿಯಾಗಿತ್ತು. ನನ್ನ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿಯ ಮುಚ್ಚಳ ಇಬ್ಬರೂ ಸೇರಿ ತಿರುಗಿಸಿದರೂ ಜಗ್ಗಲಿಲ್ಲ. ಸಿಳ್ಳೆ ಹಾಕಲು ಹೋದರೆ ಬರೀ ಉಸಿರು ಬಂತು. ಆದರೂ ಆ ರಾತ್ರಿ ನನ್ನ ಮನೆಯ ಮಂಚಕ್ಕಿಂತ ಚೆನ್ನಾಗಿ ನಿದ್ದೆ ಮಾಡಿದೆ, ಯಾಕೆಂದರೆ ಹಾರ್ನ್ ಇರಲಿಲ್ಲ.

ಎರಡನೆಯ ದಿನ ತಳದ ಕೆಸರು ತುಂಬಿ ತರುವ ಅಭ್ಯಾಸಕ್ಕೆ ಎರಡು ಸಲ ಹೊರಗೆ ಹೋಗಿ ಬಂದೆ. ಮೇಲೆ ದಡದಲ್ಲಿದ್ದವರೊಡನೆ ತಂತಿಯ ಫೋನಿನಲ್ಲಿ ಶಬಾನಾ ಇಂಗ್ಲಿಷಿನಲ್ಲೇ ಮಾತಾಡಿದಳು, ಎಲ್ಲವೂ ಸಲೀಸಾಯಿತು.

ಮೂರನೆಯ ಬೆಳಿಗ್ಗೆ ಫೋನಿನಲ್ಲಿ ಖನ್ನಾ, "ಡಾಕ್ಟರ್ ರತ್ನಮ್ಮ, ಇಂದು ನಾವು ಕನ್ನಡದಲ್ಲಿ ಮಾತನಾಡೋಣ. ನನಗೆ ಅಭ್ಯಾಸ ಬೇಕು," ಎಂದರು. ನನಗೆ ಖುಷಿಯಾಯಿತು. ಉಡುಪು ತೊಟ್ಟು, ಬಾಗಿಲಿನ ನೀರಿಗೆ ಕಾಲು ಬಿಟ್ಟು, ಫೋನಿಗೆ, "ಸರಿ ಸಾರ್, ಬರ್ತೀನಿ," ಎಂದು ಹೇಳಿ ಧುಮುಕಿದೆ.

ಹತ್ತು ಮಾರು ಹೋಗಿದ್ದೆನೋ ಇಲ್ಲವೋ, ಸೈರನ್ ಕೂಗಿತು. ಮೇಲಿನಿಂದ ಇಬ್ಬರು ಮುಳುಗುಗಾರರು ಬಂದು ನನ್ನ ಎರಡೂ ರಟ್ಟೆ ಹಿಡಿದು, ಕಳ್ಳಿಯನ್ನು ಎಳೆದೊಯ್ಯುವ ಹಾಗೆ ಎಳೆದು ಮನೆಯೊಳಗೆ ತುರುಕಿದರು. ಕೈಯಲ್ಲಿದ್ದ, ಕೆಸರು ತುಂಬುವ ಜಾಡಿಗಳು ತಳಕ್ಕೆ ಹೋದವು.

ಅವರ ಭಯಕ್ಕೆ ಕಾರಣವಿತ್ತು. ಅಷ್ಟು ಆಳದಲ್ಲಿ ದಿನಗಟ್ಟಲೆ ಇದ್ದರೆ ಗಾಳಿ ರಕ್ತದಲ್ಲಿ ಕರಗಿರುತ್ತದೆ. ದಿಢೀರನೆ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಂತೆ ರಕ್ತದಲ್ಲಿ ಗುಳ್ಳೆಯೇಳುತ್ತದೆ, ಮನುಷ್ಯ ಸಾಯಬಹುದು. ಒತ್ತಡವನ್ನು ನಿಧಾನವಾಗಿ ಇಳಿಸಿಯೇ ಮೇಲೆ ಬರಬೇಕು. ನಾನು ಗಾಬರಿಬಿದ್ದು ನೇರವಾಗಿ ಮೇಲೆ ಬರುತ್ತಿದ್ದೇನೆ ಎಂದು ಖನ್ನಾ ತಿಳಿದಿದ್ದರು.

"ನೀವೇ ಹೇಳಿದಿರಿ, ಬರುತ್ತೇನೆ ಎಂದು!" ಫೋನಿನಲ್ಲಿ ಅವರ ದನಿ ನಡುಗುತ್ತಿತ್ತು.

ಶಬಾನಾ ಕಿಸಕ್ಕನೆ ನಕ್ಕಳು. ಆಮೇಲೆ ನನ್ನ ಮುಖ ನೋಡಿ ಫೋನಿನತ್ತ ಬಾಗಿದಳು. "ಸಾರ್, ನಮ್ಮಲ್ಲಿ ಹೊರಡೋವಾಗ ಹೇಳೋದೇ ಹಂಗೆ. ಬರ್ತೀನಿ ಅಂದ್ರೆ ಹೊರಟೆ ಅಂತ," ಎಂದಳು.

ಖನ್ನಾ ನಗಲಿಲ್ಲ. ಹೋಗುವಾಗ 'ಹೋಗ್ತೀನಿ' ಎನ್ನಬೇಕು, ಅರ್ಥ ಒಂದೇ ಇರಬೇಕು ಎಂದರು. ಮಧ್ಯಾಹ್ನ ಇನ್ನೊಂದು ಸಲ ಹೊರಗೆ ಕಳಿಸುತ್ತೇನೆ, ಮತ್ತೆ ಸೈರನ್ ಆದರೆ ನಾಲ್ಕನೆಯ ಜಾಗ ಆ ತರುಣನಿಗೆ ಎಂದರು. ಕೊನೆಗೆ, ಈ ವಯಸ್ಸಿನಲ್ಲಿ ಗಾಬರಿ ಸಹಜ ಎಂಬ ಮಾತನ್ನೂ ಸೇರಿಸಿದರು.

ನನಗೆ ಮೈಯೆಲ್ಲಾ ಉರಿದುಹೋಯಿತು. "ಗಾಬರಿಬಿದ್ದಿದ್ದು ನಾನಲ್ಲ ಸಾರ್. ಮೇಲೆ ಬರೋದಾದ್ರೆ 'ಮೇಲಕ್ಕೆ' ಅಂತೀನಿ. ಅಪಾಯ ಆದ್ರೆ ಸೊಂಟದ ಹಗ್ಗ ಎಳೀತೀನಿ. ನಿಮ್ ಕೋಡೆಲ್ಲಾ ಒಪ್ಕೊಂಡಿದೀನಿ. ಆದ್ರೆ ಹೋಗ್ತೀನಿ ಅಂತ ಮಾತ್ರ ಅನ್ನಲ್ಲ. ನಮ್ಮಲ್ಲಿ ಹೋದ್ರು ಅಂದ್ರೆ ಸತ್ರು ಅಂತ. ಮನೆ ಬಿಡೋವಾಗ ಯಾರೂ ಹಂಗನ್ನಲ್ಲ."

"ಅದು ಪ್ರಯೋಗಾಲಯ, ಮನೆಯಲ್ಲ."

"ಎರಡ್ ರಾತ್ರಿ ಉಂಡು ಮಲಗಿದೀನಿ. ಮನೆ ಅಲ್ದೆ ಇನ್ನೇನು?"

ಫೋನು ಕಟ್ಟಾಯಿತು. "ರತ್ನಕ್ಕಾ, ಒಂದ್ ಸಲ ಅಂದ್ಬಿಡಿ ಕಣ್ರೀ. ಹುಳಕ್ಕೋಸ್ಕರ ಆದ್ರೂ," ಎಂದಳು ಶಬಾನಾ. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಒಣ ಅವಲಕ್ಕಿ ಅಗಿಯುತ್ತಾ ತುಂಬ ಯೋಚಿಸಿದೆ. ಸಮುದ್ರ ನನಗೆ ಬೇಕಿತ್ತು, ಪ್ರಾಣಕ್ಕಿಂತ ಹೆಚ್ಚಾಗಿ ಬೇಕಿತ್ತು. ಆದರೆ ಅವಮಾನ ನುಂಗಿ, ಬಾಯಿಗೆ ಒಗ್ಗದ ಅಪಶಕುನದ ಮಾತಾಡಿ ನೀರಿಗಿಳಿಯಲು ಮನಸ್ಸು ಒಪ್ಪಲಿಲ್ಲ. ವಿಜ್ಞಾನ ಓದಿದವಳಿಗೆ ಅಪಶಕುನವೇ ಎಂದು ಯಾರಾದರೂ ಕೇಳಬಹುದು. ಕೇಳಲಿ.

ಮೂರು ಗಂಟೆಗೆ ಮತ್ತೆ ಉಡುಪು ತೊಟ್ಟೆ. ಕಾಲಿಗೆ ನೀರು ಕೊರೆಯುತ್ತಿತ್ತು. ಫೋನನ್ನು ಶಬಾನಾ ನನ್ನ ಬಾಯಿಯ ಹತ್ತಿರ ಹಿಡಿದಳು. ಆ ತುದಿಯಲ್ಲಿ ಖನ್ನಾ ಉಸಿರಾಡುವುದು ಕೇಳುತ್ತಿತ್ತು.

"ಬರ್ತೀನಿ ಸಾರ್," ಎಂದೆ.

ಶಬಾನಾ ಕಣ್ಣು ಮುಚ್ಚಿಕೊಂಡಳು. ನಾನು ಅಲ್ಲಾಡದೆ ಸೈರನ್ನಿಗೆ ಕಾದೆ. ಕೊನೆಗೆ ಖನ್ನಾ ಗಂಟಲು ಸರಿಮಾಡಿಕೊಂಡರು.

"ಹೋಗಿ ಬಾ," ಎಂದರು. ತಕ್ಷಣ ನಾಲಗೆ ಕಚ್ಚಿಕೊಂಡವರಂತೆ ತಡೆದು, "ಕ್ಷಮಿಸಿ. ಹೋಗಿ ಬನ್ನಿ," ಎಂದು ತಿದ್ದಿಕೊಂಡರು. "ಸಮುದ್ರದಲ್ಲಿಯೂ ಫೋನಿನ ಬಳಿ ನಾನೇ ಕುಳಿತುಕೊಳ್ಳುತ್ತೇನೆ."

ನಾನು ನೀರಿಗಿಳಿದೆ. ಸ್ವಲ್ಪ ದೂರ ಹೋಗಿ ಒಮ್ಮೆ ಹಿಂತಿರುಗಿ ನೋಡಿದೆ. ಹಸಿರು ಕತ್ತಲಲ್ಲಿ ನಮ್ಮ ಮನೆಯ ದುಂಡು ಕಿಟಕಿ ಬೆಳಗುತ್ತಿತ್ತು, ಅದರೊಳಗೆ ಶಬಾನಾ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಳು.