ಬುಧವಾರದ ಮಾರನೇ ದಿನ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೊಂಬು ತಿಕ್ಕಿದರೆ ಒಂದು ಹುಳಿ ವಾಸನೆ ಬರುತ್ತದಲ್ಲ, ಇವತ್ತು ಬೆಳಿಗ್ಗೆ ಚಾಮರಾಜನಗರದ ನಮ್ಮ ಮನೆಯ ಹಿತ್ತಿಲಲ್ಲಿ ಆ ವಾಸನೆಯ ನಡುವೆ ಕೂತಿದ್ದೆ. ನಿಮಗ್ಯಾಕೆ ಈ ಕೆಲಸ ಎಂದು ಹೆಂಡತಿ ಗೊಣಗಿದರೂ ಬಿಡಲಿಲ್ಲ. ತಿಕ್ಕಿದಷ್ಟೂ ಕಪ್ಪು ಹೋಗಿ, ಕಂಠದ ಕೆಳಗೆ ಹಾಕಿಸಿದ್ದ ಹೆಸರು ಎದ್ದು ಬಂತು: ಗುರುಮಲ್ಲಪ್ಪ. ನಮ್ಮ ತಾತನ ಹೆಸರು. ನನ್ನದೂ ಅದೇ.

ತಾತ ಹರವೆ ಕಡೆಯ ಬೇಸಾಯಗಾರರು, ಭಾರಿ ಕೋಪಿಷ್ಠರು. ನಾನು ಹುಟ್ಟುವ ಮುಂಚೆಯೇ ತೀರಿಕೊಂಡರು. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಅಜ್ಜಿ ನಮ್ಮವ್ವನಿಗೆ, "ಅವ್ರೇ ತಿರ್ಗ ಬಂದವ್ರ ಕಣಮ್ಮಿ, ಬೇರೆ ಎಸ್ರು ಯಾಕ?" ಎಂದರಂತೆ. ಅಜ್ಜಿಯ ಮಾತಿಗೆ ಎದುರಿಲ್ಲ. ಎಡವಟ್ಟಾದದ್ದು ಅಲ್ಲೇ. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಹೀಗಾಗಿ ಊರೆಲ್ಲ ಕೂಗುವ ನನ್ನ ಹೆಸರನ್ನು ಹೆತ್ತವ್ವ ಮಾತ್ರ ಕೂಗಲಿಲ್ಲ. ಅವಳಿಗೆ ನಾನು 'ಬುದ್ದಿ', ದೊಡ್ಡವರನ್ನು ಮರ್ಯಾದೆಯಿಂದ ಕರೆದ ಹಾಗೆ. ಮಾವನ ಹೆಸರು ಹೊತ್ತ ಮಗುವನ್ನು ಬೈಯುವುದುಂಟೇ, ಹೊಡೆಯುವುದುಂಟೇ? ತಮ್ಮ ಶಿವುವಿಗೆ ಪೊರಕೆ ಏಟಿನ ಜೊತೆ "ಲೋ ಶಿವಾ!" ಎಂಬ ಕೂಗೂ ಸಿಗುತ್ತಿತ್ತು. ನನಗೆ ಎರಡೂ ಇಲ್ಲ. ಹೊಟ್ಟೆಕಿಚ್ಚಿಗೆ ಒಮ್ಮೆ ಬೇಕೆಂದೇ ಹಾಲು ಚೆಲ್ಲಿದೆ. ಅವ್ವ "ಓಗ್ಲಿ ಬುಡು ಬುದ್ದಿ" ಎಂದು ನೆಲ ಒರೆಸಿದಳು.

ಅವಳ ಈ ಶಿಸ್ತು ನನ್ನೊಬ್ಬನಿಗೇ ನಿಲ್ಲಲಿಲ್ಲ. ಮಲ್ಲಿಗೆಗೆ 'ಬಿಳೇ ಹೂವು' ಎನ್ನುವಳು. ಗುರುವಾರಕ್ಕೆ 'ಬುಧವಾರದ ಮಾರ್ನೆ ದಿನ'. ತವರು ಭೀಮನಬೀಡಿನಲ್ಲಿ ನಾಲ್ಕನೇ ಕ್ಲಾಸು ಓದಿದವಳು. ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುವಾಗ ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವುದು ಅವಳ ಚಟ. 'ಗುರು' ಎಂದು ಶುರುವಾಗುವ ಬೋರ್ಡು ಬಂದರೆ ಮಾತ್ರ ಎಲ್ಲಿಂದಲೋ ಕೆಮ್ಮು ಬರುತ್ತಿತ್ತು. ಕಾಲೇಜಿನ ದಿನಗಳಲ್ಲಿ ಒಮ್ಮೆ ಗೋಗರೆದಿದ್ದೆ. "ಒಂದೇ ಒಂದ್ಸಲ ನನ್ನ ಎಸ್ರಿಡ್ದು ಕರಿಯವ್ವ, ಯಾರ್ಗೂ ಯೋಳಲ್ಲ."

"ಬುಡ್ತು ಅನ್ನು! ಮಾವಾರ ಎಸ್ರ ಬಾಯ್ಲಿ ಎತ್ತುದಾ?" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ನಗು ಬರಲಿಲ್ಲ.

ಈಗ ಒಂದೆರಡು ವರ್ಷದಿಂದ ಅವ್ವನಿಗೆ ಮರೆವು. ಡಾಕ್ಟರು ನನ್ನನ್ನು ತೋರಿಸಿ "ಇವರ ಹೆಸರೇನಮ್ಮ?" ಎಂದು ಕೇಳಿದರು. ಅವ್ವ ತಲೆ ತಗ್ಗಿಸಿದಳು. ಮಗನ ಹೆಸರೂ ನೆನಪಿಲ್ಲ ಎಂದರು ಡಾಕ್ಟರು. "ನೆನಪಿದೆ ಸಾರ್, ಹೇಳಲ್ಲ ಅಷ್ಟೇ" ಎಂದು ನಾನು ಜಗಳಕ್ಕೇ ನಿಂತೆ. ನೋಡಿ, ಚಿಕ್ಕಂದಿನಿಂದ ಯಾವುದಕ್ಕೆ ಕೊರಗಿದ್ದೆನೋ ಅದನ್ನೇ ಕೊನೆಗೆ ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಹೆಸರು ಹೇಳದಿರುವ ತನಕ ನಾನು ಯಾರೆಂದು ಅವಳಿಗೆ ಗೊತ್ತಿದೆ ಎಂದೇ ಲೆಕ್ಕ. ಗುರುವಾರ ಬಂತೆಂದರೆ "ಇವತ್ತು ಯಾವ ವಾರ ಅವ್ವ?" ಎಂದು ಕೇಳುತ್ತಿದ್ದೆ. "ಬುಧವಾರದ ಮಾರ್ನೆ ದಿನ" ಎಂದರೆ ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಕಳೆದ ವಾರ ಕೇಳಿದಾಗ ಏನೂ ಹೇಳದೆ ಕಿಟಕಿ ಕಡೆ ನೋಡಿದಳು. ನನಗೆ ಹೆದರಿಕೆಯಾಯಿತು. ಹಳೆಯ ಸಾಮಾನು ಕಂಡರೆ ನೆನಪು ಬಂದೀತೆಂದು ಚೊಂಬನ್ನು ಅಟ್ಟದಿಂದ ಇಳಿಸಿದ್ದು ಅದಕ್ಕೇ.

ತೊಳೆದು ಅವಳ ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಸ್ಸಿನಲ್ಲಿ ಬೋರ್ಡು ಓದುತ್ತಿದ್ದ ಅದೇ ದನಿಯಲ್ಲಿ, ಕೆಮ್ಮದೆ, ತಡವರಿಸದೆ ಓದಿದಳು: "ಗುರುಮಲ್ಲಪ್ಪ."

"ಓ, ಅವ್ವ" ಎಂದುಬಿಟ್ಟೆ. ಇಷ್ಟು ವರ್ಷ ಕಾದ ಕೂಗಿಗೆ ಓಗೊಡದೆ ಇರಲು ನನ್ನಿಂದ ಆಗಲಿಲ್ಲ.

ಅವಳು ನನ್ನನ್ನು ಮರ್ಯಾದೆಯಿಂದ ನೋಡಿ ಚೊಂಬು ಚಾಚಿದಳು. "ನಿಮ್ದಾ ಇದು? ತಕಳಿ. ನಿಮ್ಮವ್ವ ಉಡುಕ್ತಾ ಇದ್ದಾರು."

ತೆಗೆದುಕೊಂಡೆ. ಈಗ ಅದು ಅಡುಗೆಮನೆಯ ಕಟ್ಟೆಯ ಮೇಲಿದೆ, ಹೆಸರು ಗೋಡೆ ಕಡೆಗೆ. ಇನ್ನು ನಾನು ಅವಳನ್ನು ವಾರ ಕೇಳುವುದಿಲ್ಲ.