ಮುತ್ತಮ್ಮನ ಕೈಮಾತು

ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲಿ ಬಾಯಿಮಾತು ನಡೆಯುವುದಿಲ್ಲ. ಹನ್ನೆರಡು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಅಂಥ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಸೀರೆ ನೇಯ್ದ ಮುತ್ತಮ್ಮ ಕೈಯಲ್ಲೇ ಮಾತಾಡುವುದನ್ನು ಕಲಿತಿದ್ದಳು. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂದು. ಹೆಬ್ಬೆರಳು ತುಟಿಗೆ ತಾಗಿಸಿದರೆ ಟೀ ಬಂತು ಎಂದು. ಎದುರು ಮಗ್ಗದ ಅಕ್ಕಯಮ್ಮನ ಜೊತೆ ಮಗಳ ಜ್ವರ, ಅತ್ತೆಯ ಸಿಟ್ಟು, ಗಂಡ ತೀರಿಹೋದ ಮೇಲಿನ ಬೇಸರ, ಎಲ್ಲವನ್ನೂ ಹೀಗೇ ಹಂಚಿಕೊಂಡಿದ್ದಳು.

ಮಗಳು ಅಕ್ಷತ ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ಸಿನಿಮಾ ಮಾಡುವುದನ್ನು ಓದುತ್ತಿದ್ದಳು. ಕೊನೆಯ ವರ್ಷಕ್ಕೆ ಹತ್ತು ನಿಮಿಷದ ಸೈನ್ಸ್ ಫಿಕ್ಷನ್ ಚಿತ್ರ ಮಾಡಬೇಕಿತ್ತು. ಬೇರೆ ಗ್ರಹದವರು ಭೂಮಿಗೆ ಬರುವ ಕಥೆ ಆರಿಸಿಕೊಂಡಳು. ಮೊಬೈಲಿನಲ್ಲಿ ನೋಡಿದ ಇಂಗ್ಲಿಷ್, ಕೊರಿಯನ್ ಚಿತ್ರಗಳಿಂದ ನೋಟ್‌ಬುಕ್ ತುಂಬ ಬರೆದುಕೊಂಡಳು: ಮೊದಲು ನಾಯಿ ಬೊಗಳಬೇಕು, ಹಸಿರು ಬೆಳಕು ಬೀಳಬೇಕು, ಬಂದವರ ದನಿ ಡ್ರಮ್ಮಿನೊಳಗಿಂದ ಬಂದಂತಿರಬೇಕು, ಊರವರು ಹೆದರಿ ಓಡಬೇಕು. ಬೇರೆ ಗ್ರಹದವರ ನೌಕೆಯಾಗಲು ಅಮ್ಮ ನೇಯುವ ಶೆಡ್ಡೇ ಇತ್ತು. ಭಾನುವಾರ ರಜೆಯಾದ್ದರಿಂದ ಮಾಲೀಕ ಗೋಪಾಲಪ್ಪನವರು ಒಪ್ಪಿದರು.

ಆ ಭಾನುವಾರ ಸಹಪಾಠಿ ಅಮರ್ ರೊಟ್ಟಿ ಸುತ್ತುವ ಬೆಳ್ಳಿಬಣ್ಣದ ಹಾಳೆಯನ್ನು ಮೈತುಂಬ ಸುತ್ತಿಕೊಂಡು, ಹೆಲ್ಮೆಟ್ ಹಾಕಿಕೊಂಡು ಮಗ್ಗಗಳ ನಡುವೆ ನಿಂತ. “ಭೂಮಿಯ ಜನರೇ, ಹೆದರಬೇಡಿ” ಎಂದ. ಎಲ್ಲರಿಗೂ ನಗು ಬಂತು. ಐದು ಸಲ ತೆಗೆದರೂ ಅದೇ ಗತಿ. ಅಕ್ಷತ ಕಣ್ಣು ಒರೆಸಿಕೊಳ್ಳುತ್ತಾ ಬಾಗಿಲ ಬಳಿ ಹೋಗಿ ಕೂತಳು.

ನೌಕೆಯ ಸದ್ದಿಗಾಗಿ ಮಗ್ಗಗಳ ಸದ್ದು ಹಿಡಿದುಕೊಳ್ಳುವುದು ಇನ್ನೂ ಬಾಕಿ ಇತ್ತು. ಅದಕ್ಕೆಂದೇ ಬಂದಿದ್ದ ಮುತ್ತಮ್ಮ, ಅಕ್ಕಯಮ್ಮ ಮಗ್ಗ ಹಾಕಿದರು. ಶೆಡ್ಡು ಗಡಗಡಿಸಿತು. ಅಕ್ಕಯಮ್ಮ ಕೈಯಲ್ಲೇ ಏನೋ ಕೇಳಿದಳು, ಮುತ್ತಮ್ಮ ಉತ್ತರ ಕೊಟ್ಟಳು. ಅಕ್ಷತ ತಲೆಯೆತ್ತಿ ನೋಡಿದಳು. ಹುಟ್ಟಿದಾಗಿನಿಂದ ಕಂಡಿದ್ದೇ. ಆದರೂ ಎದ್ದು ಬಂದು ಕ್ಯಾಮರಾ ಹಾಕಿದಳು.

ಮಗ್ಗ ನಿಂತ ಮೇಲೆ ಕೇಳಿದಳು: “ಅಮ್ಮ, ಆಂಟಿಗೆ ಏನಂದೆ?”

“ಯಾಕೆ ಅಳ್ತಾವಳೆ ಅಂದ್ಲು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂದೆ.”

“ಬೇರೆ ಗ್ರಹದೋರು ಹಿಂಗೇ ಮಾತಾಡಿದ್ರೆ ಹೆಂಗಿರುತ್ತೆ?”

ಮುತ್ತಮ್ಮ ಯೋಚಿಸಿದಳು. “ಅವ್ರ ಊರಲ್ಲೂ ಸದ್ದು ಜಾಸ್ತಿ ಇದ್ರೆ ಮಾತಾಡ್ತಾರೇನೋ.”

ಕಥೆ ಬದಲಾಯಿತು. ಅಮರ್ ಹಾಳೆ ಬಿಚ್ಚಿ ಕ್ಯಾಮರಾ ಹಿಡಿದ. ದಿನಾ ಉಡುವ ಸೀರೆಯಲ್ಲೇ ಇದ್ದ ಅಕ್ಕಯಮ್ಮ ಬೇರೆ ಗ್ರಹದವಳಾದಳು. ಅವಳ ಮಾತು ಊರಲ್ಲಿ ಅರ್ಥವಾಗುವ ಒಬ್ಬಳೇ ಹೆಂಗಸಾಗಿ ಮುತ್ತಮ್ಮ ನಟಿಸಿದಳು.

ಎರಡು ವಾರದ ಮೇಲೆ ಅಕ್ಷತ ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದಳು. ಅಕ್ಕಯಮ್ಮ ಎರಡು ಬೆರಳು ಆಡಿಸುವಲ್ಲಿ, ಕೆಳಗೆ ‘ನಾವು ಶಾಂತಿಗಾಗಿ ಬಂದಿದ್ದೇವೆ’ ಎಂಬ ಅಕ್ಷರ ಮೂಡಿತು.

“ಅವಳು ಅಂಗೆ ಅನ್ನಲಿಲ್ವಲ್ಲ” ಎಂದಳು ಮುತ್ತಮ್ಮ.

“ಇಂಥ ಸಿನಿಮಾದಲ್ಲಿ ಬಂದೋರು ಮೊದ್ಲು ಅದನ್ನೇ ಹೇಳೋದಮ್ಮ. ಎಲ್ಲಾದ್ರಲ್ಲೂ ಹಂಗೇ.”

“ಎಳೆ ಹರಿದಿದೆ, ನಿಲ್ಸು ಅಂದ್ಲು. ಅಷ್ಟು ದೂರದಿಂದ ಬಂದೋಳು ನನ್ ಮಗ್ಗದ ಎಳೆ ನೋಡಿ ಹೇಳಿದ್ಲಲ್ಲ, ಅಷ್ಟು ಸಾಲ್ದಾ?”

ಅಕ್ಷತ ಮುಖ ಊದಿಸಿಕೊಂಡು ಲ್ಯಾಪ್‌ಟಾಪ್ ಮುಚ್ಚಿದಳು. ಮಾರನೆಯ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಅಕ್ಷರ ಬದಲಿಸಿದಳು.

ಕಾಲೇಜಿನಲ್ಲಿ ಎಲ್ಲರ ಚಿತ್ರ ತೋರಿಸಿ ಬಹುಮಾನ ಕೊಡುವ ದಿನ ಮುತ್ತಮ್ಮನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮೇಷ್ಟ್ರು ವೇಣುಗೋಪಾಲ್ ಕೇಳಿದರು, ಇದಕ್ಕೆ ಯಾವ ಯಾವ ಚಿತ್ರಗಳ ಪ್ರಭಾವವಿದೆ ಎಂದು. ಅಕ್ಷತ ಮೂರು ಹೆಸರು ಹೇಳಿ ತಡೆದಳು. ಆಮೇಲೆ ಹಿಂದಿನ ಸಾಲಿನತ್ತ ಕೈ ತೋರಿಸಿ, “ಅಲ್ಲಿ ಕೂತಿದಾರೆ ಸಾರ್” ಎಂದಳು. ಯುದ್ಧವೂ ಇಲ್ಲ, ಭಯವೂ ಇಲ್ಲ, ಇದು ಸೈನ್ಸ್ ಫಿಕ್ಷನ್ ಹೇಗಾಗುತ್ತದೆ ಎಂದು ತೀರ್ಪುಗಾರರೊಬ್ಬರು ಅಂಕ ಕಡಿಮೆ ಕೊಟ್ಟರು. ಬಹುಮಾನ ಬೇರೆಯವರಿಗೆ ಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಷತ ಅಮ್ಮನ ಭುಜಕ್ಕೊರಗಿ ನಿದ್ದೆಹೋದಳು. ಮುತ್ತಮ್ಮನಿಗೆ ಬಹುಮಾನದ ಚಿಂತೆಯಿರಲಿಲ್ಲ. ದೊಡ್ಡ ಪರದೆಯಲ್ಲಿ ಅವಳು ತನ್ನ ಮುಖವನ್ನು ಮೊದಲ ಸಲ ನೋಡಿದ್ದಳು. ಅಕ್ಕಯಮ್ಮನ ಜೊತೆ ಮಾತಾಡುವಾಗ ತಾನು ಅಷ್ಟು ನಗುತ್ತೇನೆಂದು ಅವಳಿಗೆ ಗೊತ್ತೇ ಇರಲಿಲ್ಲ.