ಮೂರನೇ ಮೆಮೊ

2023ರಲ್ಲಿ ನಾನು ಹೊಳೆನರಸೀಪುರದ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ನನ್ನನ್ನೂ ಸೇರಿಸಿ ಇಬ್ಬರೇ ಅಧ್ಯಾಪಕರಿದ್ದುದರಿಂದ ಆ ಮುಖ್ಯಸ್ಥಿಕೆಯ ವೈಭವವನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಬಿ.ಬಿ.ಎ. ಓದುವವರು ಮೂರನೇ ವರ್ಷಕ್ಕೆ ಬಂದಾಗ ಒಂದು ಸ್ಪೆಷಲೈಸೇಷನ್ ಆರಿಸಿಕೊಳ್ಳಬೇಕು. ಫೈನಾನ್ಸ್ ತೆಗೆದುಕೊಂಡರೆ ಬ್ಯಾಂಕು, ಆಡಿಟರ್ ಕಚೇರಿ, ತೆರಿಗೆ ಕೆಲಸ. ಮಾರ್ಕೆಟಿಂಗ್ ತೆಗೆದುಕೊಂಡರೆ ಶೋರೂಮು, ಏಜೆನ್ಸಿ, ಕಂಪನಿ ಮಾಲಿನ ವಿತರಣೆ. ಎಚ್.ಆರ್., ಅಂದರೆ ಮಾನವ ಸಂಪನ್ಮೂಲ ನಿರ್ವಹಣೆ ತೆಗೆದುಕೊಂಡರೆ ಕಾರ್ಖಾನೆ, ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ನೇಮಕ, ಹಾಜರಿ, ಶಿಸ್ತು ನೋಡಿಕೊಳ್ಳುವ ಕೆಲಸ. ಇದನ್ನು ನಾನು ಪ್ರತಿ ವರ್ಷ ಒಂದು ಗಂಟೆ ಗಂಭೀರವಾಗಿ ಬೋಧಿಸುತ್ತಿದ್ದೆ. ವಿದ್ಯಾರ್ಥಿಗಳು ಅದನ್ನು ಕಾರಿಡಾರಿನಲ್ಲಿ ಒಂದೇ ಸಾಲಿಗೆ ಇಳಿಸಿಕೊಂಡಿದ್ದರು: ಫೈನಾನ್ಸ್ ಅಂದ್ರೆ ಲೆಕ್ಕ, ಮಾರ್ಕೆಟಿಂಗ್ ಅಂದ್ರೆ ಬಿಸಿಲು, ಎಚ್.ಆರ್. ಅಂದ್ರೆ ಫ್ಯಾನು.

ಆ ವರ್ಷವೂ ಬಹುಪಾಲು ಜನ ಫ್ಯಾನನ್ನೇ ಆರಿಸಿಕೊಂಡರು. ಅವರಲ್ಲಿ ದಂಡಿಗನಹಳ್ಳಿ ಕಡೆಯ ಚೈತ್ರಾ ಒಬ್ಬಳು. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿ. ಫೈನಾನ್ಸ್ ತೆಗೆದುಕೊಳ್ಳಮ್ಮ ಎಂದು ಹೇಳಿ ನೋಡಿದೆ. ತಮ್ಮೂರಿನಿಂದ ಹಾಸನದ ಗಾರ್ಮೆಂಟ್ಸಿಗೆ ಒಂದು ಬಸ್ಸು ತುಂಬ ಹೆಂಗಸರು ಹೋಗುತ್ತಾರೆ, ಅಲ್ಲಿ ಮಿಷಿನ್ ಮುಂದೆ ಕೂರದೆ ಆಫೀಸಿನಲ್ಲಿ ಕೂತವರು ಇದುವರೆಗೆ ತಮ್ಮೂರಿನಲ್ಲಿ ಯಾರೂ ಇಲ್ಲ ಎಂದಳು. ಅವಳ ಅರ್ಜಿಗೆ ಸಹಿ ಹಾಕಿದೆ.

ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್. ಒಂದು ಸಂಸ್ಥೆಯಲ್ಲಿ ಕೆಲವು ವಾರ ಕೆಲಸ ಕಲಿತು ಪ್ರಮಾಣಪತ್ರ ತರಬೇಕು, ಇಲ್ಲದಿದ್ದರೆ ಪದವಿ ಇಲ್ಲ. ಚೈತ್ರಾಳಿಗೆ ಅದೇ ಗಾರ್ಮೆಂಟ್ಸಿನ ಎಚ್.ಆರ್. ವಿಭಾಗದಲ್ಲಿ ಅವಕಾಶ ಸಿಕ್ಕಿತು. ಚೆನ್ನಾಗಿ ಕಲಿತರೆ ಕೆಲಸವನ್ನೂ ಕೊಡುವುದಾಗಿ ಅಲ್ಲಿನ ಮ್ಯಾನೇಜರ್ ಹೇಳಿದ್ದರು. ಅವಳು ಊರಿನ ಹೆಂಗಸರ ಜೊತೆ ಕಂಪನಿಯ ಅದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು.

ಮಾರ್ಗದರ್ಶಕನಾದ ನಾನು ಒಂದು ದಿನ ಹೋಗಿ ನೋಡಿ ಬರಬೇಕೆಂಬುದು ವಿಶ್ವವಿದ್ಯಾಲಯದ ಅಪ್ಪಣೆ. ಹೋದ ದಿನ ಮ್ಯಾನೇಜರ್ ರಘುನಂದನ್ ತಮ್ಮ ಕೋಣೆಯಲ್ಲಿ ನನ್ನನ್ನು ಕೂರಿಸಿದರು. ಮೈಸೂರಿನ ಕಡೆಯವರು, ದನಿ ಏರಿಸದ ಮನುಷ್ಯ. ಬೆಳಿಗ್ಗೆ ದಂಡಿಗನಹಳ್ಳಿ ಕಡೆಯ ಬಸ್ಸು ಗೇಟು ಮುಚ್ಚಿದ ಮೇಲೆ ಬಂದಿದೆ, ಇದೊಂದು ಮುಗಿಸಿ ನಿಮ್ಮ ಜೊತೆ ಮಾತಾಡುತ್ತೇನೆ ಎಂದರು.

ಅಲ್ಲಿನ ನಿಯಮ ಸರಳವಾಗಿತ್ತು. ಬಸ್ಸೇ ಕೆಟ್ಟರೆ, ದಾರಿ ಕಟ್ಟಿದರೆ ಕೆಲಸಗಾರರ ತಪ್ಪಿಲ್ಲ. ಯಾರಾದರೂ ಬಸ್ಸು ತಡೆದು ನಿಲ್ಲಿಸಿದ್ದರೆ ತಡೆದವರಿಗೆ ಮೆಮೊ, ಅಂದರೆ ಲಿಖಿತ ಎಚ್ಚರಿಕೆ. ಮೂರು ಮೆಮೊ ಆದರೆ ಕೆಲಸ ಹೋಯಿತು. ಆ ದಿನ ಬಸ್ಸು ತಡೆದದ್ದು ಚೈತ್ರಾಳ ಊರಿನವಳೇ ಆದ ಸಾಕಮ್ಮ ಎಂಬ ಟೈಲರ್ ಎಂದು ಡ್ರೈವರ್ ಹೇಳಿದ್ದ. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟು ನಿಂತುಬಿಟ್ಟರೆ ಯಾವ ಡ್ರೈವರೂ ಗೇರು ಹಾಕುವಂತಿಲ್ಲ. ನಮ್ಮ ಕಡೆ ಬಸ್ಸುಗಳು ನಿಂತಿರುವುದೇ ಬಹುತೇಕ ಈ ತಂತ್ರಜ್ಞಾನದ ಮೇಲೆ. ಸಾಕಮ್ಮನಿಗೆ ಆಗಲೇ ಎರಡು ಮೆಮೊ ಆಗಿದ್ದವು. ಏಕೆ ನಿಲ್ಲಿಸಿದೆ ಎಂದು ಗೇಟಿನಲ್ಲಿ ಕೇಳಿದ್ದಕ್ಕೆ ಚಪ್ಪಲಿ ಕಿತ್ತುಹೋಯಿತು ಎಂದಿದ್ದಳಂತೆ. ಬಸ್ಸಿನಲ್ಲಿದ್ದ ಉಳಿದವರು ಹೌದು ಎಂದಿದ್ದರಂತೆ.

ರಘುನಂದನ್ ಚೈತ್ರಾಳನ್ನು ಕರೆದು, ಮೆಮೊ ಬರೆಯುವ ಕ್ರಮವನ್ನು ಇಂದು ಕಲಿತುಬಿಡಿ, ಸಾಕಮ್ಮನ ಹೆಸರಿಗೆ ಒಂದು ಟೈಪ್ ಮಾಡಿ ತನ್ನಿ ಎಂದರು. ಅವಳು ಹೋಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ಮಾರ್ಗದರ್ಶಕನಾದ ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

"ಸಾರ್, ಅವರ ಚಪ್ಪಲಿ ಕಿತ್ತೋಗಿಲ್ಲ," ಎಂದಳು. "ಡೈರಿಗೆ ಹಾಲು ಹಾಕಿ ಬರೋದು ನಂಗೇ ತಡ ಆಯ್ತು. ಬಸ್ಸು ನಿಲ್ಸಿದ್ದು ನನಗೋಸ್ಕರ."

ರಘುನಂದನ್ ಸಾಕಮ್ಮನನ್ನು ಕರೆಸಿದರು. ಐವತ್ತರ ಹತ್ತಿರದ ಹೆಂಗಸು, ಕೊರಳಲ್ಲಿ ಅಳತೆ ಟೇಪು. ಚೈತ್ರಾ ಅಲ್ಲಿ ನಿಂತಿರುವುದನ್ನು ಕಂಡೊಡನೆ ಅವಳಿಗೆ ಎಲ್ಲ ಅರ್ಥವಾಯಿತು.

"ಈ ಮಗ ಸುಳ್ಳೇಳ್ತಾವ್ಳೆ ಸಾ. ಕಿತ್ತೋಗಿದ್ದು ನನ್ ಚಪ್ಲಿನೇ."

ರಘುನಂದನ್ ಮೇಜಿನ ಈಚೆ ಬಂದು ಅವಳ ಕಾಲು ನೋಡಿದರು. ನಾವೂ ನೋಡಿದೆವು. ಎರಡೂ ಚಪ್ಪಲಿ ಇನ್ನೆರಡು ವರ್ಷ ಬಾಳುವಷ್ಟು ಗಟ್ಟಿಯಾಗಿದ್ದವು. ಸಾಕಮ್ಮ ಸೀರೆಯ ಅಂಚಿನಿಂದ ಅವನ್ನು ಮುಚ್ಚಲು ನೋಡಿದಳು, ಆಗಲಿಲ್ಲ. ಆಗ ಚೈತ್ರಾಳ ಕಡೆ ತಿರುಗಿದಳು.

"ಬಾಯ್ ಮುಚ್ಕೊಂಡಿರಕ್ಕೆ ಏನಾಗಿತ್ತೇ ನಿಂಗೆ? ಇಲ್ಲಿ ನೀನು ಕುರ್ಚಿ ಮ್ಯಾಲೆ ಕೂತ್ಕಳ್ಳಿ ಅಂತ ಅಲ್ವಾ ನಾನು ಅಂಗೆ ಕಾಲಿಟ್ಕಂಡು ನಿಂತಿದ್ದು."

"ನಿಮ್ ಕೆಲ್ಸ ಕಳ್ದು ಆ ಕುರ್ಚಿ ಮೇಲೆ ಎಂಗೆ ಕೂತ್ಕಳ್ಳಿ ಅತ್ತೆ," ಎಂದಳು ಚೈತ್ರಾ. ಕಚೇರಿಯ ಕನ್ನಡ ಅಷ್ಟು ಹೊತ್ತಿಗೆ ಅವಳನ್ನು ಬಿಟ್ಟುಹೋಗಿತ್ತು.

ರಘುನಂದನ್ ಕೂತು ಯೋಚಿಸಿದರು. ಆಮೇಲೆ ತೀರ್ಪನ್ನು ಎರಡು ಭಾಗವಾಗಿ ಹೇಳಿದರು. ಬಸ್ಸು ನಿಂತದ್ದು ಆಫೀಸಿನಲ್ಲಿ ಕೆಲಸ ಕಲಿಯುವ ಟ್ರೇನಿಗಾಗಿ, ಆದ್ದರಿಂದ ತಪ್ಪು ಆಫೀಸಿನದು, ಸಾಕಮ್ಮನಿಗೆ ಮೆಮೊ ಇಲ್ಲ. ಇದು ಮೊದಲ ಭಾಗ. ಟ್ರೇನಿಯಿಂದ ಒಂದು ಬಸ್ಸಿನ ಜನ ಗೇಟಿನ ಹೊರಗೆ ನಿಂತರೆ ಟ್ರೇನಿಯನ್ನು ಇಟ್ಟುಕೊಳ್ಳುವಂತಿಲ್ಲ. ಇದು ಎರಡನೆಯದು. ನಾನು ಮಾರ್ಗದರ್ಶಕನ ಗತ್ತಿನಿಂದ ಬೇಡಿಕೊಂಡೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿ, "ಮೇಷ್ಟ್ರೇ, ಇವತ್ತು ಬಿಟ್ಟರೆ ನಾಳೆ ಇನ್ನೊಬ್ಬರಿಗೆ ಯಾವ ಬಾಯಲ್ಲಿ ಮೆಮೊ ಕೊಡಲಿ?" ಎಂದರು. ಬೇಸರದಿಂದಲೇ ಹೇಳಿದರು. ಚೈತ್ರಾ ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಸಾಕಮ್ಮ ಕಣ್ಣೊರೆಸಿಕೊಂಡು ಮಿಷಿನ್ನಿಗೆ ಹೋದಳು.

ಗೆಳತಿಯರೆಲ್ಲ ಪಾಸಾಗಿ ಹೋದರು, ಪ್ರಮಾಣಪತ್ರವಿಲ್ಲದೆ ಇವಳ ಫಲಿತಾಂಶ ನಿಂತಿತು. ಚನ್ನರಾಯಪಟ್ಟಣದಲ್ಲಿ ನನಗೆ ಪರಿಚಯದ ಆಡಿಟರ್ ಒಬ್ಬರಿದ್ದರು. ಅಲ್ಲಿ ಇಂಟರ್ನ್‌ಶಿಪ್ ಕೊಡಿಸುತ್ತೇನೆ, ಲೆಕ್ಕವೂ ಬರುತ್ತದೆ, ಇನ್ನಾದರೂ ಫೈನಾನ್ಸ್ ಕಡೆ ತಿರುಗು ಎಂದೆ.

"ಬೇಡ ಸಾರ್, ಎಚ್.ಆರ್.ನೇ ಮಾಡ್ತೀನಿ," ಎಂದಳು. "ಈ ಸಬ್ಜೆಕ್ಟ್ ತಗೊಂಡಾಗ ಅದೇನು ಅಂತ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ."

ಹಾಸನದ ಒಂದು ಆಸ್ಪತ್ರೆಯ ಸಿಬ್ಬಂದಿ ವಿಭಾಗದಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿ ಪದವಿ ಮುಗಿಸಿದಳು. ಈಗ ಇನ್ನೊಂದು ಕಾರ್ಖಾನೆಯಲ್ಲಿ ಎಚ್.ಆರ್. ಎಕ್ಸಿಕ್ಯುಟಿವ್.

ನಿವೃತ್ತನಾದ ಮೇಲೂ ತಂದೆತಾಯಿಗಳು ಮಕ್ಕಳನ್ನು ಕರೆತಂದು, ಯಾವ ಸ್ಪೆಷಲೈಸೇಷನ್ ಒಳ್ಳೆಯದು ಸಾರ್ ಎಂದು ಕೇಳುತ್ತಾರೆ. ಮೂರೂ ಅನ್ನ ಹಾಕುತ್ತವೆ ಎನ್ನುತ್ತೇನೆ. ಆದರೆ ಪ್ರತಿಯೊಂದರಲ್ಲೂ ಒಂದು ಕಾಗದ ಎದುರಿಗೆ ಬರುತ್ತದೆ, ಅದರಲ್ಲಿ ಗುರುತಿನವರ ಹೆಸರಿರುತ್ತದೆ, ಆಗ ಏನು ಮಾಡಬೇಕೆಂಬುದು ಸಿಲಬಸ್ಸಿನಲ್ಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿದವನಿಗೆ ಈ ವೃತ್ತಿ ಕೊನೆಗೆ ಕಲಿಸಿದ್ದು ಇಷ್ಟು.

ಈಚೆಗೆ ಅರಕಲಗೂಡಿನ ಒಂದು ಮದುವೆಯಲ್ಲಿ ಚೈತ್ರಾ ಸಿಕ್ಕಿದ್ದಳು. ನಿಮ್ಮ ಕಾರ್ಖಾನೆಯ ಗೇಟು ಈಗ ಯಾರ ಕೈಯಲ್ಲಿದೆಯಮ್ಮ ಎಂದೆ. ನನ್ನ ಕೈಯಲ್ಲೇ ಸಾರ್ ಎಂದಳು. ತಡವಾಗಿ ಬಂದವರಿಗೆ ಮೆಮೊ ಕೊಡುತ್ತೀಯಾ ಎಂದು ಕೇಳಿದೆ.

"ಕೊಡ್ತೀನಿ ಸಾರ್. ಆದ್ರೆ ಚಪ್ಲಿ ಕಿತ್ತೋಯ್ತು ಅಂದ್ರೆ ಮೊದ್ಲು ಕಾಲು ನೋಡ್ತೀನಿ. ಚಪ್ಲಿ ನೆಟ್ಟಗಿದ್ರೆ, ಯಾರಿಗೋಸ್ಕರ ನಿಂತಿದ್ರಿ ಅಂತ ಕೇಳ್ತೀನಿ."